ಚಿಕಾ ಕುರೊಡಾ: ನೇರಳೆ ಬೇರು, ಕುಸುಬೆ ಹೂವು, ಈರುಳ್ಳಿ ಸಿಪ್ಪೆ (ಪದೇ ಪದೇ ಕೇಳುವ ಪ್ರಶ್ನೆಗಳು)

ಚಿಕಾ ಕುರೊಡಾ ಯಾರು?

ಜಪಾನಿನ ಸಾವಯವ ರಸಾಯನ ವಿಜ್ಞಾನಿ. 1884ರ ಮಾರ್ಚ್ 24ರಂದು ಕ್ಯೂಶೂ ದ್ವೀಪದ ಸಾಗಾದಲ್ಲಿ ಹುಟ್ಟಿದರು. 1968ರ ನವೆಂಬರ್ 8ರಂದು ಫುಕುವೊಕಾದಲ್ಲಿ ತೀರಿಕೊಂಡರು. ಜಪಾನಿನಲ್ಲಿ ವಿಜ್ಞಾನ ಪದವಿ ಪಡೆದ ಮೊದಲ ಮಹಿಳೆ ಎಂದು ಅವರನ್ನು ಪರಿಚಯಿಸುವುದು ರೂಢಿ. ಮಾತು ನಿಜವೇ. ಆದರೆ ಮುಕ್ಕಾಲು ಪಾಲು ಬರಹಗಳು ಅಲ್ಲಿಗೇ ನಿಂತುಬಿಡುತ್ತವೆ, ಆಕೆ ಪ್ರಯೋಗಾಲಯದಲ್ಲಿ ಮಾಡಿದ್ದೇನು ಎಂಬುದು ಒಂದು ಸಾಲಿನಲ್ಲಿ ಮುಗಿದುಹೋಗುತ್ತದೆ. ಬಣ್ಣಗಾರರು, ಅಡುಗೆಯವರು, ಔಷಧಿ ಅರೆಯುವವರು ನೂರಾರು ವರ್ಷ ಕೈಯಲ್ಲಿ ಹಿಡಿದಿದ್ದ ಬಣ್ಣಗಳ ಒಳಗೇನಿದೆ ಎಂದು ಬಿಡಿಸಿ ನೋಡಿದ್ದು ಅವರ ಕಸುಬು. ಹಾಗಾಗಿ ಇಲ್ಲಿ ಬಣ್ಣದ ಮಾತು ಹೆಚ್ಚು.

ಹೆಸರನ್ನು ಹೇಗೆ ಬರೆಯಬೇಕು?

ಜಪಾನಿನಲ್ಲಿ ಮನೆತನದ ಹೆಸರು ಮೊದಲು ಬರುತ್ತದೆ: ಕುರೊಡಾ ಚಿಕಾ. ಹೊರಗಿನವರು ತಿರುಗಿಸಿ ಚಿಕಾ ಕುರೊಡಾ ಎನ್ನುತ್ತಾರೆ. ಎರಡೂ ಸರಿ. ‘ಕುರೊ’ ಎಂದರೆ ಕಪ್ಪು, ‘ಡಾ’ ಎಂದರೆ ಗದ್ದೆ. ಆಯುಷ್ಯವೆಲ್ಲ ಕೆಂಪು, ನೇರಳೆ, ನೀಲಿಗಳ ಬೆನ್ನು ಹತ್ತಿದವರ ಮನೆತನದ ಹೆಸರು ಕಪ್ಪುಗದ್ದೆ!

ಸಾವಯವ ರಸಾಯನ ಎಂದರೆ ಸಾವಯವ ಕೃಷಿಗೆ ಸಂಬಂಧಿಸಿದ್ದೇ?

ಅಲ್ಲ. ಗೊಬ್ಬರದಂಗಡಿಯ ಫಲಕಗಳಿಂದಾಗಿ ಕನ್ನಡದಲ್ಲಿ ಈ ಪದಕ್ಕೆ ಬೇರೆಯೇ ಅರ್ಥ ಅಂಟಿಕೊಂಡಿದೆ. ಇಂಗಾಲದ ಸಂಯುಕ್ತಗಳನ್ನು ಅಭ್ಯಾಸ ಮಾಡುವ ಶಾಸ್ತ್ರ ಸಾವಯವ ರಸಾಯನಶಾಸ್ತ್ರ. ಪೆಟ್ರೋಲು, ಪ್ಯಾರಸಿಟಮಾಲ್, ಸಕ್ಕರೆ, ಕುಸುಬೆ ಹೂವಿನ ಕೆಂಪು ಎಲ್ಲವೂ ಅದರೊಳಗೆ ಬರುತ್ತವೆ, ಕೀಟನಾಶಕವೂ ಬರುತ್ತದೆ.

ವಿಶ್ವವಿದ್ಯಾಲಯ ಸೇರುವ ಹೊತ್ತಿಗೆ ಅವರಿಗೆ 29 ವರ್ಷ. ಅಲ್ಲಿಯವರೆಗೆ ಏನು ಮಾಡುತ್ತಿದ್ದರು?

ಪಾಠ ಹೇಳುತ್ತಿದ್ದರು. ಹೆಣ್ಣುಮಕ್ಕಳೂ ಓದಬೇಕು ಎಂಬ ಮನಸ್ಸಿದ್ದ ತಂದೆ, ಏಳು ಮಕ್ಕಳ ಮನೆ. ಸಾಗಾದಲ್ಲಿ ಶಿಕ್ಷಕರ ತರಬೇತಿ ಶಾಲೆ ಮುಗಿಸಿ ಒಂದು ವರ್ಷ ಕೆಲಸ ಮಾಡಿದರು. 1902ರಲ್ಲಿ ಟೋಕಿಯೊದ ಮಹಿಳಾ ಉನ್ನತ ನಾರ್ಮಲ್ ಶಾಲೆಯ (ಶಿಕ್ಷಕಿಯರನ್ನು ತಯಾರು ಮಾಡುವ ಶಾಲೆ) ವಿಜ್ಞಾನ ವಿಭಾಗ ಸೇರಿದರು. ಇಂದಿನ ಓಚನೊಮಿಜು ವಿಶ್ವವಿದ್ಯಾಲಯದ ಹಿಂದಿನ ರೂಪ ಅದು. 1906ರಲ್ಲಿ ಅದೂ ಮುಗಿಯಿತು. ಫುಕುಯಿಯಲ್ಲಿ ಒಂದು ವರ್ಷ ಮಾಸ್ತರಿಕೆ ಮಾಡಿ ಮತ್ತೆ ಟೋಕಿಯೊಗೆ ಬಂದು ಮುಂದಿನ ಅಧ್ಯಯನ ನಡೆಸಿದರು, 1909ರಿಂದ ಅಲ್ಲಿಯೇ ಸಹಾಯಕ ಪ್ರಾಧ್ಯಾಪಕಿಯಾದರು. ಆ ಕಾಲದ ಜಪಾನಿನಲ್ಲಿ ಹೆಣ್ಣೊಬ್ಬಳು ಏರಬಹುದಾದ ಮೆಟ್ಟಿಲು ಅಲ್ಲಿಗೆ ಮುಗಿಯುತ್ತಿತ್ತು. ಸಾಮ್ರಾಜ್ಯ ವಿಶ್ವವಿದ್ಯಾಲಯಕ್ಕೆ ಹೋಗಲು ‘ಹೈಸ್ಕೂಲು’ ಮುಗಿಸಿರಬೇಕು, ಆ ಹೈಸ್ಕೂಲುಗಳಿಗೆ ಗಂಡುಮಕ್ಕಳಿಗೆ ಮಾತ್ರ ಪ್ರವೇಶ. ಹೆಣ್ಣುಮಕ್ಕಳು ಬರಬಾರದು ಎಂದು ಬಾಗಿಲ ಮೇಲೆ ಬರೆಯುವ ಅಗತ್ಯವೇ ಇರಲಿಲ್ಲ.

1913ರಲ್ಲಿ ನಿಜಕ್ಕೂ ನಡೆದದ್ದೇನು?

ಉತ್ತರದ ಸೆಂದಾಯಿ ಪಟ್ಟಣದಲ್ಲಿ 1907ರಲ್ಲಿ ತೊಹೊಕು ಸಾಮ್ರಾಜ್ಯ ವಿಶ್ವವಿದ್ಯಾಲಯ ಶುರುವಾಗಿತ್ತು. ಟೋಕಿಯೊ, ಕ್ಯೋಟೊಗಳ ನಂತರ ಹುಟ್ಟಿದ ಮೂರನೆಯದು. ಹೈಸ್ಕೂಲು ಮುಗಿಸಿದವರು ಮೊದಲೆರಡನ್ನು ಬಿಟ್ಟು ಅಷ್ಟು ದೂರ ಏಕೆ ಬರಬೇಕು? ಹಾಗಾಗಿ ತೊಹೊಕು ಬೇರೆ ಬಗೆಯ ಶಾಲೆಗಳಲ್ಲಿ ಓದಿದವರಿಗೂ ಬಾಗಿಲು ತೆರೆದಿತ್ತು. ಆ ಬಾಗಿಲಿನಿಂದ 1913ರಲ್ಲಿ ಮಹಿಳೆಯರೂ ಅರ್ಜಿ ಹಾಕಿದರು. ಕುರೊಡಾ ಅವರನ್ನು ಹುರಿದುಂಬಿಸಿದವರಲ್ಲಿ ಉಬ್ಬಸದ ಔಷಧಿ ಎಫೆಡ್ರಿನ್ ಕಂಡುಹಿಡಿದ ನಗಾಯಿ ನಗಾಯೊಶಿ ಒಬ್ಬರು.

ಸುದ್ದಿ ಶಿಕ್ಷಣ ಸಚಿವಾಲಯಕ್ಕೆ ಮುಟ್ಟಿತು. ಆಗಸ್ಟ್‌ನಲ್ಲಿ ಅಲ್ಲಿಂದ ವಿಶ್ವವಿದ್ಯಾಲಯಕ್ಕೆ ಒಂದು ಪತ್ರ ಬಂತು: ಹೆಣ್ಣುಮಕ್ಕಳಿಗೆ ಪರೀಕ್ಷೆ ಕೊಡಿಸಿ ಸೇರಿಸಿಕೊಳ್ಳಲು ಹೊರಟಿದ್ದೀರಂತೆ, ಇಂಥದ್ದು ಹಿಂದೆ ನಡೆದಿಲ್ಲ, ಇದು ಬಹಳ ವಿಚಾರ ಮಾಡಬೇಕಾದ ಅತ್ಯಂತ ಗಂಭೀರ ಸಂಗತಿ, ನಿಮ್ಮ ಉದ್ದೇಶವೇನು ತಿಳಿಸಿ, ಎಂಬ ಧಾಟಿಯದು. ಸರಕಾರಿ ಪತ್ರದ ಭಾಷೆ ಎಲ್ಲ ದೇಶದಲ್ಲಿಯೂ ಒಂದೇ. ವಿಶ್ವವಿದ್ಯಾಲಯ ಹಿಂದೆ ಸರಿಯಲಿಲ್ಲ. ಮೂವರು ತೇರ್ಗಡೆಯಾದರು, ಮೂವರನ್ನೂ ಸೇರಿಸಿಕೊಂಡಿತು. ಹಾಗೆಂದು ಮರುವರ್ಷದಿಂದ ಹೆಣ್ಣುಮಕ್ಕಳ ಸಾಲು ನಿಂತಿತು ಎಂದುಕೊಳ್ಳಬೇಡಿ. ಆಮೇಲೆ ಅಲ್ಲೊಬ್ಬರು ಇಲ್ಲೊಬ್ಬರು ಬಂದರು. ಬಾಗಿಲು ಪೂರ್ತಿ ತೆರೆದದ್ದು ಎರಡನೇ ಮಹಾಯುದ್ಧದ ನಂತರ.

ಇನ್ನಿಬ್ಬರು ಯಾರು?

ತಾಂಗೆ ಉಮೆಕೊ, ಮಕಿತಾ ರಾಕು. ಮಕಿತಾ ಅವರದು ಗಣಿತ. ತಾಂಗೆ ಅವರದು ರಸಾಯನಶಾಸ್ತ್ರ; ಆಗ ಅವರಿಗೆ 40 ವರ್ಷ, ಬಾಲ್ಯದ ಅಪಘಾತದಲ್ಲಿ ಒಂದು ಕಣ್ಣು ಹೋಗಿತ್ತು. ಅವರದೇ ಒಂದು ಪುಟ ಬೇಕು.

ಮೊದಲ ಸಂಶೋಧನೆಗೆ ನೇರಳೆ ಬೇರನ್ನೇ ಏಕೆ ಆರಿಸಿಕೊಂಡರು?

ತೊಹೊಕುವಿನಲ್ಲಿ ಅವರ ಗುರು ಮಜಿಮಾ ರಿಕೊ. ಯುರೋಪಿನಲ್ಲಿ ಕಲಿತು ಬಂದವರು. ಯುರೋಪಿನವರು ಹೇಗೂ ಮಾಡುತ್ತಿರುವ ಕೆಲಸವನ್ನು ಅವರ ಹಿಂದೆ ಓಡುತ್ತಾ ಮಾಡುವುದಕ್ಕಿಂತ, ನಮ್ಮ ನೆಲದ ವಸ್ತುಗಳನ್ನು ಹಿಡಿಯೋಣ ಎಂದು ಹೊರಟವರು. ಜಪಾನಿನ ಮರಗೆಲಸಕ್ಕೆ ಬಳಿಯುವ, ಮರದ ಹಾಲಿನಿಂದ ಮಾಡಿದ ಮೆರುಗಿನಲ್ಲಿರುವ ಉರುಶಿಯಾಲ್‌ನ ರಚನೆ ಬಿಡಿಸಿದ್ದು ಅವರೇ. ಶಿಷ್ಯೆ ಸಸ್ಯದ ಬಣ್ಣ ಬೇಕೆಂದರು. ಸಿಕ್ಕಿದ್ದು ಮುರಾಸಾಕಿ ಗಿಡದ ಬೇರು.

ಮುರಾಸಾಕಿ ಎಂದರೆ ಗಿಡದ ಹೆಸರೂ ಹೌದು, ಜಪಾನಿ ಭಾಷೆಯಲ್ಲಿ ನೇರಳೆ ಬಣ್ಣದ ಹೆಸರೂ ಹೌದು. ಹೂವು ಪುಟ್ಟದು, ಬಿಳಿ. ಬಣ್ಣ ಇರುವುದು ಮಣ್ಣಿನೊಳಗೆ, ಬೇರಿನ ತೊಗಟೆಯಲ್ಲಿ. ಆಸ್ಥಾನದ ಉನ್ನತ ಪದವಿಯವರ ಉಡುಪಿನ ಬಣ್ಣ ಅದು, ಸುಟ್ಟ ಗಾಯಕ್ಕೆ ಹಚ್ಚುವ ಮುಲಾಮಿನ ಬಣ್ಣವೂ ಅದೇ. ಒಣಗಿದ ಬೇರು ನೋಡಲು ಕರಿದಾಗಿ, ಮುರಿದರೆ ಬೆರಳಿಗೆ ಅಂಟುವಂತಿರುತ್ತದೆ. ಅದರ ಸಾರಕ್ಕೆ ಹುಳಿ ಬೆರೆಸಿದರೆ ಕೆಂಪು, ಕ್ಷಾರ ಬೆರೆಸಿದರೆ ನೀಲಿ. ಸಾವಿರ ವರ್ಷ ಬಣ್ಣಗಾರರು ಬಣ್ಣ ಹಿಡಿಯಲೆಂದು ಮರದ ಬೂದಿಯ ನೀರಿನಲ್ಲಿ ಬಟ್ಟೆ ಅದ್ದುತ್ತಿದ್ದರು.

ಕುರೊಡಾ ಆ ಬಣ್ಣವನ್ನು ಶುದ್ಧ ಹರಳಾಗಿ ಬೇರ್ಪಡಿಸಿ, ಬೇರಿನ ಜಪಾನಿ ಹೆಸರು ‘ಶಿಕೊನ್’ನಿಂದ ಶಿಕೋನಿನ್ ಎಂದು ಕರೆದರು. ಅದರ ಅಣುವಿನಲ್ಲಿ 16 ಇಂಗಾಲ, 16 ಜಲಜನಕ, 5 ಆಮ್ಲಜನಕದ ಪರಮಾಣುಗಳು. ನ್ಯಾಫ್ತಾಕ್ವಿನೋನ್ ಎಂಬ ಜೋಡಿ ಉಂಗುರದ ಚೌಕಟ್ಟು. 1918ರಲ್ಲಿ ಟೋಕಿಯೊ ರಾಸಾಯನಿಕ ಸಂಘದ ಸಭೆಯಲ್ಲಿ ಇದನ್ನು ಮಂಡಿಸಿದರು. ಆ ಸಭೆಯಲ್ಲಿ ಪ್ರಬಂಧ ಓದಿದ ಮೊದಲ ಮಹಿಳೆ ಅವರು.

ಆಗ ಯಂತ್ರಗಳಿರಲಿಲ್ಲ. ಕಣ್ಣಿಗೆ ಕಾಣದ ಅಣುವಿನ ರಚನೆ ತಿಳಿದದ್ದು ಹೇಗೆ?

ಒಳ್ಳೆಯ ಪ್ರಶ್ನೆ, ಬಹಳ ಮಂದಿ ಕೇಳುವುದೇ ಇಲ್ಲ. ಇಂದು ಕೆಲವು ಮಿಲಿಗ್ರಾಂ ಪುಡಿಯನ್ನು ಕಾಂತೀಯ ಅನುರಣನ ಯಂತ್ರಕ್ಕೆ ಕೊಟ್ಟರೆ ಸಂಜೆಯೊಳಗೆ ಬಹುಪಾಲು ಉತ್ತರ ಸಿಗುತ್ತದೆ. 1916ರಲ್ಲಿ ಇದ್ದದ್ದು ತಕ್ಕಡಿ, ಗಾಜಿನ ಕೊಳವೆ, ಬೆಂಕಿ.

ಮೊದಲು ವಸ್ತುವನ್ನು ಹರಳುಗಟ್ಟಿಸಬೇಕು. ಕರಗಿಸು, ಆರಿಸು, ಸೋಸು, ಮತ್ತೆ ಕರಗಿಸು. ಕರಗುವ ಉಷ್ಣತೆ ಏರದೆ ಒಂದೇ ಕಡೆ ನಿಲ್ಲುವವರೆಗೆ ಇದೇ ಜಪ. ಆಮೇಲೆ ತೂಕ ಮಾಡಿದ ಹರಳನ್ನು ಕೊಳವೆಯಲ್ಲಿ ಪೂರ್ತಿ ಸುಡಬೇಕು. ಹೊರಬಂದ ನೀರಾವಿಯನ್ನು ಒಂದು ಬುರುಡೆ ಹೀರಿಕೊಳ್ಳುತ್ತದೆ, ಇಂಗಾಲದ ಡೈಆಕ್ಸೈಡನ್ನು ಇನ್ನೊಂದು. ಎರಡರ ತೂಕ ಎಷ್ಟು ಹೆಚ್ಚಿತು ಎಂಬುದರಿಂದ ಜಲಜನಕ, ಇಂಗಾಲದ ಪಾಲು ಸಿಗುತ್ತದೆ. ಯಾವ ಗುಂಪು ಎಲ್ಲಿ ಕೂತಿದೆ ಎಂದು ತಿಳಿಯಲು ಅಣುವನ್ನು ಒಡೆಯಬೇಕು, ಚೂರುಗಳನ್ನು ಮೊದಲೇ ಗೊತ್ತಿರುವ ವಸ್ತುಗಳ ಪಕ್ಕ ಇಟ್ಟು ಹೋಲಿಸಬೇಕು. ಮಡಕೆ ಒಡೆದು ಚೂರುಗಳಿಂದ ಅದರ ಆಕಾರ ಹೇಳಿದ ಹಾಗೆ. ಒಂದು ಬಣ್ಣಕ್ಕೆ ಎರಡು ವರ್ಷ ಹಿಡಿದರೆ ಅದು ನಿಧಾನವಲ್ಲ.

ನಮ್ಮ ಅಂಗಡಿಗಳಲ್ಲಿ ಸಿಗುವ ರತನ್‌ಜೋತ್ ಇದೇ ಬೇರೇ?

ಅದೇ ಗಿಡವಲ್ಲ, ಅದೇ ಕುಟುಂಬ. ರೋಗನ್ ಜೋಶ್‌ಗೆ ಕೆಂಪು ಕೊಡಲು ಬಿಸಿ ಎಣ್ಣೆಗೆ ಹಾಕುವ ರತನ್‌ಜೋತ್ ಬೇರಿನ ಬಣ್ಣವೂ ಇದೇ ಬಗೆಯದು. ಮೆಡಿಟರೇನಿಯನ್ ಕಡೆಯ ಆಲ್ಕಾನೆಟ್ ಬೇರಿನಲ್ಲಿ ಸಿಗುವ ಆಲ್ಕಾನಿನ್ ಮತ್ತು ಶಿಕೋನಿನ್ ಒಂದೇ ಅಣುವಿನ ಎಡಗೈ ಬಲಗೈ: ಕನ್ನಡಿಯಲ್ಲಿ ಹಿಡಿದರೆ ಒಂದು ಇನ್ನೊಂದಾಗುತ್ತದೆ. ಇದನ್ನು ಖಚಿತಪಡಿಸಿ, ಶಿಕೋನಿನ್‌ನ ರಚನೆಗೆ ಕೊನೆಯ ರೂಪ ಕೊಟ್ಟವರು ಜರ್ಮನಿಯ ಬ್ರೋಕ್‌ಮನ್, 1936ರಲ್ಲಿ. ಗ್ರಂಥಿಗೆ ಅಂಗಡಿಯಲ್ಲಿ ಕೇಳಿದರೆ ಈ ಬೇರು ಸಿಗುತ್ತದೆ. ನೀರಿಗೆ ಹಾಕಿ ಬಣ್ಣ ಬರಲಿಲ್ಲ ಎಂದು ಅಂಗಡಿಯವರ ಮೇಲೆ ರೇಗಬೇಡಿ. ಅದು ಎಣ್ಣೆಗೆ ಬಿಡುವ ಬಣ್ಣ. ನಾನು ಒಮ್ಮೆ ರೇಗಿದ್ದೇನೆ.

ಆಕ್ಸ್‌ಫರ್ಡ್‌ಗೆ ಹೋಗಿದ್ದರೇ?

ಹೌದು, 1921ರಿಂದ 1923ರವರೆಗೆ, ಕಿರಿಯ ವಿಲಿಯಂ ಹೆನ್ರಿ ಪರ್ಕಿನ್ ಅವರ ಬಳಿ. ಆಕ್ಸ್‌ಫರ್ಡ್ ಮಹಿಳೆಯರಿಗೆ ಪದವಿ ಕೊಡಲು ಶುರುಮಾಡಿದ್ದು 1920ರಲ್ಲಿ, ಎಂದರೆ ಅದರ ಹಿಂದಿನ ವರ್ಷ; ಜಪಾನ್ ಒಂದೇ ಹಿಂದುಳಿದಿತ್ತು ಎಂದುಕೊಂಡವರಿಗಾಗಿ ಹೇಳಿದೆ.

ಇಲ್ಲೊಂದು ನಂಟು ನನಗೆ ಇಷ್ಟ. ಈ ಪರ್ಕಿನ್ ಅವರ ತಂದೆ, ಹಿರಿಯ ಪರ್ಕಿನ್, 1856ರಲ್ಲಿ 18ನೇ ವಯಸ್ಸಿನಲ್ಲಿ ಕ್ವಿನೈನ್ ತಯಾರಿಸಲು ಹೋಗಿ ಕಲ್ಲಿದ್ದಲ ಡಾಂಬರಿನ ವಸ್ತುವಿನಿಂದ ನೇರಳೆ ಬಣ್ಣ ‘ಮೋವ್’ ಮಾಡಿಬಿಟ್ಟವರು. ಕಾರ್ಖಾನೆಯ ಬಣ್ಣಗಳ ಯುಗ ಶುರುವಾದದ್ದು, ಬೇರು ಎಲೆ ಹೂವಿನ ಬಣ್ಣಗಾರರ ಹೊಟ್ಟೆಯ ಮೇಲೆ ಹೊಡೆತ ಬಿದ್ದದ್ದು ಅಲ್ಲಿಂದ. ಹಿರಿಯ ಪರ್ಕಿನ್ ಅವರ ಗುರು ಜರ್ಮನ್ ರಸಾಯನ ವಿಜ್ಞಾನಿ ಹೋಫ್‌ಮನ್. ಕುರೊಡಾ ಅವರಿಗೆ ಬೆನ್ನು ತಟ್ಟಿದ ನಗಾಯಿ ಕೂಡ ಬರ್ಲಿನ್‌ನಲ್ಲಿ ಅದೇ ಹೋಫ್‌ಮನ್ ಅವರ ಶಿಷ್ಯ. ಬೇರಿನ ನೇರಳೆ ಬಿಡಿಸಿದ ಹೆಂಗಸು ಡಾಂಬರಿನ ನೇರಳೆಯ ಮಗನ ಬಳಿ ಕೆಲಸ ಕಲಿತರು.

1923ರಲ್ಲಿ ಊರಿಗೆ ಮರಳಿದರು. ಸೆಪ್ಟೆಂಬರ್ 1ರಂದು ಕಾಂತೊ ಭೂಕಂಪ. ಅವರು ಪಾಠ ಹೇಳಬೇಕಿದ್ದ ಶಾಲೆಯ ಕಟ್ಟಡ ಸುಟ್ಟುಹೋಯಿತು.

ಕುಸುಬೆಯ ಸಂಶೋಧನೆ ಯಾವಾಗ ನಡೆಯಿತು?

1924ರಿಂದ, ಟೋಕಿಯೊದ ರಿಕೆನ್ ಸಂಶೋಧನಾ ಸಂಸ್ಥೆಯಲ್ಲಿ. ಪಾಠದ ಜೊತೆಯಲ್ಲಿಯೇ ಈ ಕೆಲಸ ಸಾಗಿತು.

ಕುಸುಬೆ ನಮಗೆ ಹೊಸ ಗಿಡವಲ್ಲ. ವಿಜಯಪುರ, ಕಲಬುರಗಿ, ಬಾಗಲಕೋಟೆಯ ಕರಿನೆಲದಲ್ಲಿ ಹಿಂಗಾರಿಗೆ ಬಿತ್ತುತ್ತಾರೆ. ದನ ನುಗ್ಗದಿರಲೆಂದು ಜೋಳದ ಹೊಲದ ಅಂಚಿಗೆ ಒಂದೆರಡು ಸಾಲು ಹಾಕುವುದೂ ಉಂಟು, ಮುಳ್ಳಿದೆಯಲ್ಲ. ನಮ್ಮವರಿಗೆ ಬೇಕಾದದ್ದು ಬೀಜ, ಬೀಜದ ಎಣ್ಣೆ. ಹೂವಿನ ದಳಕ್ಕೆ ಕೇಸರಿಯ ಕಲಬೆರಕೆಯಾಗಿ ಕೆಟ್ಟ ಹೆಸರು. ಜಪಾನಿನಲ್ಲಿ ಲೆಕ್ಕ ತಿರುಗುಮುರುಗು. ಅಲ್ಲಿ ಇದು ‘ಬೆನಿಬಾನಾ’, ಕೆಂಪು ಹೂವು. ಯಮಗತಾ ಸೀಮೆಯಲ್ಲಿ ದಳಕ್ಕಾಗಿಯೇ ಬೆಳೆಯುತ್ತಿದ್ದರು. ಅದರ ಕೆಂಪಿನಿಂದ ರೇಷ್ಮೆಗೆ ಬಣ್ಣ, ಹೆಂಗಸರ ತುಟಿಗೆ ರಂಗು. ಒಳ್ಳೆಯ ಬೆನಿಯನ್ನು ಪಿಂಗಾಣಿ ಬಟ್ಟಲಿನ ಒಳಮೈಗೆ ಬಳಿದು ಒಣಗಿಸಿದರೆ ಕೆಂಪು ಕಾಣುವುದೇ ಇಲ್ಲ, ಜೀರುಂಡೆಯ ಬೆನ್ನಿನಂತೆ ಹಸಿರಾಗಿ ಹೊಳೆಯುತ್ತದೆ. ಒದ್ದೆ ಬೆರಳು ಸೋಕಿದೊಡನೆ ಕೆಂಪು.

ದಳದಲ್ಲಿ ಹಳದಿ ಬಣ್ಣ ಧಾರಾಳ, ಕೆಂಪು ನೂರಕ್ಕೆ ಒಂದರಷ್ಟೂ ಇಲ್ಲ. ಆ ಕೆಂಪೇ ಕಾರ್ಥಮಿನ್. ಬಿಸಿಗೆ ತಾಳದು, ಬೆಳಕಿಗೆ ಮಾಸುತ್ತದೆ, ಕ್ಷಾರದಲ್ಲಿ ಬಹಳ ಹೊತ್ತು ಬಿಟ್ಟರೆ ಕೆಟ್ಟೇ ಹೋಗುತ್ತದೆ. ಇಂಥದ್ದನ್ನು ಕುರೊಡಾ ಹರಳಾಗಿ ಹಿಡಿದು, ರಚನೆಯೊಂದನ್ನು ಸೂಚಿಸಿದರು. ಈ ಕೆಲಸಕ್ಕೆ 1929ರಲ್ಲಿ ಡಾಕ್ಟರೇಟ್ ಬಂತು. ವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದ ಎರಡನೇ ಜಪಾನಿ ಮಹಿಳೆ. ಮೊದಲನೆಯವರು 1927ರಲ್ಲಿ ಸಸ್ಯವಿಜ್ಞಾನಿ ಯಸುಯಿ ಕೊನೊ.

ಆ ರಚನೆ ತಪ್ಪೆಂದು ಆಮೇಲೆ ಗೊತ್ತಾಯಿತಂತೆ?

ಹೌದು, ಮುಚ್ಚಿಡುವುದೇನಿಲ್ಲ. ಸುಮಾರು ಅರ್ಧ ಶತಮಾನದ ನಂತರ, ಹೊಸ ಯಂತ್ರಗಳು ಬಂದ ಮೇಲೆ, ಕಾರ್ಥಮಿನ್ ಅವರು ಬರೆದದ್ದಕ್ಕಿಂತ ಎರಡು ಪಟ್ಟು ದೊಡ್ಡದೆಂದು ತಿಳಿಯಿತು. ಸಕ್ಕರೆ ಹೊತ್ತ ಒಂದೇ ಬಗೆಯ ಎರಡು ಘಟಕಗಳು ನಡುವೆ ಒಂದೇ ಒಂದು ಇಂಗಾಲದ ಕೊಂಡಿಯಿಂದ ಕೂಡಿಕೊಂಡಿವೆ. ಒಟ್ಟು 43 ಇಂಗಾಲ. ಸುಟ್ಟು ತೂಗುವ ವಿಧಾನದಲ್ಲಿ ಸಿಗುವುದು ಪ್ರಮಾಣ ಮಾತ್ರ. ಒಂದು ಜೋಡಿಗೂ ಅದರ ಅರ್ಧಕ್ಕೂ ಪ್ರಮಾಣ ಹೆಚ್ಚುಕಡಿಮೆ ಒಂದೇ. ಅಲ್ಲಿಯೇ ಎಡವಿದ್ದು. ಇದನ್ನು ಕೆಲವರು ‘ಆಕೆಯ ಕೆಲಸ ನಿಲ್ಲಲಿಲ್ಲ’ ಎಂದು ಬರೆಯುತ್ತಾರೆ. ಶುದ್ಧ ಹರಳು ಕೈಗೆ ಬರದಿದ್ದರೆ ತಿದ್ದಲು ಏನಿರುತ್ತಿತ್ತು ಎಂದು ಅವರು ಹೇಳಲಿ.

ಬೇರೆ ಯಾವ ಬಣ್ಣಗಳು?

ಬದನೆಕಾಯಿ ಸಿಪ್ಪೆಯ ನೇರಳೆ. ಅದಕ್ಕೆ ನಾಸುನಿನ್ ಎಂದು ಹೆಸರು. ‘ನಾಸು’ ಎಂದರೆ ಬದನೆ. ಉಪ್ಪಿನಕಾಯಿಗೆ ಹಾಕುವ ಶಿಸೊ ಎಲೆಯ ಕೆಂಪು, ನಸುಕಿನಲ್ಲಿ ಅರಳಿ ಮಧ್ಯಾಹ್ನಕ್ಕೆ ಬಾಡುವ ತ್ಸುಯುಕುಸಾ ಹೂವಿನ ನೀಲಿ, ಕಡಲಿನ ಮುಳ್ಳುಚೆಂಡು ಪ್ರಾಣಿಯ ಮುಳ್ಳುಗಳ ಬಣ್ಣ. ಕೊನೆಯದು ನೇರಳೆ ಬೇರಿನ ನೆಂಟ, ಅದೂ ನ್ಯಾಫ್ತಾಕ್ವಿನೋನ್. ಪಟ್ಟಿ ನೋಡಿದರೆ ಜಪಾನಿನ ಅಡುಗೆಮನೆ, ಬಣ್ಣದ ಮನೆ, ಕಡಲ ತೀರ ಮೂರನ್ನೂ ಸುತ್ತಿ ಬಂದ ಹಾಗಿದೆ. 1936ರಲ್ಲಿ ಗುರುವಿನ ಹೆಸರಿನ ಮಜಿಮಾ ಪ್ರಶಸ್ತಿ ಬಂತು.

ಈರುಳ್ಳಿ ಸಿಪ್ಪೆಯಿಂದ ರಕ್ತದೊತ್ತಡದ ಔಷಧಿ ಮಾಡಿದರು ಎಂಬುದು ನಿಜವೇ?

ನಿಜ. ಯುದ್ಧದ ನಂತರ, ಅರವತ್ತು ದಾಟಿದ ಮೇಲೆ, ಅವರು ಈರುಳ್ಳಿಯ ಹೊರಸಿಪ್ಪೆ ಹಿಡಿದರು. ನಾವು ಕಸದ ಬುಟ್ಟಿಗೆ ಹಾಕುವ ಆ ಕಂದು ಹಾಳೆಯಲ್ಲಿ ಕ್ವೆರ್ಸೆಟಿನ್ ಎಂಬ ಹಳದಿ ವಸ್ತು ಹೇರಳ. ಅದನ್ನು ಹರಳಾಗಿ ತೆಗೆದರು. ಅದರಿಂದ ‘ಕೆರುಚಿನ್ ಸಿ’ ಎಂಬ ಔಷಧಿ ಜಪಾನಿನ ಮಾರುಕಟ್ಟೆಗೆ ಬಂತು.

ಇದನ್ನು ಓದಿದವರು ಮೊದಲು ಕೇಳುವುದು ಸಿಪ್ಪೆ ಕುದಿಸಿ ಕುಡಿಯಬಹುದೇ ಎಂದು. ರಕ್ತದೊತ್ತಡಕ್ಕೆ ವೈದ್ಯರು ಕೊಟ್ಟ ಮಾತ್ರೆಯನ್ನು ಈರುಳ್ಳಿ ಸಿಪ್ಪೆಯ ಭರವಸೆಯ ಮೇಲೆ ಬಿಡಬೇಡಿ. ಆ ಕಾಲದಲ್ಲಿ ಇದ್ದ ಔಷಧಿಗಳೇ ಬೆರಳೆಣಿಕೆಯವು. ಇಂದಿನ ಮಾತು ಬೇರೆ.

ನೊಬೆಲ್ ಬಂದಿತ್ತೇ?

ಇಲ್ಲ. 1949ರಲ್ಲಿ ಓಚನೊಮಿಜು ವಿಶ್ವವಿದ್ಯಾಲಯವಾದಾಗ ಪ್ರಾಧ್ಯಾಪಕಿಯಾದರು, 1952ರಲ್ಲಿ ನಿವೃತ್ತಿ, ನಂತರವೂ ವರ್ಷಗಟ್ಟಲೆ ಪಾಠ, ಸಂಶೋಧನೆ. 1959ರಲ್ಲಿ ಜಪಾನ್ ಸರಕಾರ ಕೊಟ್ಟ ಪದಕದ ಹೆಸರು ನೇರಳೆ ಪಟ್ಟಿಯ ಪದಕ. ಕಲೆ, ವಿದ್ಯೆಯ ಸಾಧಕರಿಗೆಲ್ಲ ಕೊಡುವುದು ಅದೇ, ಅವರಿಗೆಂದು ನೇರಳೆ ಆರಿಸಿದ್ದಲ್ಲ. ಆದರೂ ಇರಲಿ. ತೊಹೊಕು ವಿಶ್ವವಿದ್ಯಾಲಯದ ಸಂಶೋಧನಾ ವಿದ್ಯಾರ್ಥಿನಿಯರಿಗೆಂದು ಅವರ ಹೆಸರಿನ ಪ್ರಶಸ್ತಿಯೊಂದಿದೆ.

ಬೆಂಗಳೂರಿನಲ್ಲಿ ನಡೆದ, ಜೀವರಸಾಯನ ವಿಜ್ಞಾನಿ ಕಮಲಾ ಸೊಹೋನಿ ಅವರ ಕಥೆಯಂತೆಯೇ ಇದೆಯಲ್ಲ?

ಅರ್ಧ ಇದೆ. ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್, ಎಂದರೆ ಭಾರತೀಯ ವಿಜ್ಞಾನ ಸಂಸ್ಥೆಯ ಬಾಗಿಲಲ್ಲಿ ಕಮಲಾ ಅವರು (ಆಗಿನ್ನೂ ಕಮಲಾ ಭಾಗವತ್) ನಿಂತದ್ದು 1933ರಲ್ಲಿ. ನಿರ್ದೇಶಕರಾಗಿದ್ದ ಸಿ. ವಿ. ರಾಮನ್ ಹೆಣ್ಣೆಂಬ ಕಾರಣಕ್ಕೆ ಬೇಡವೆಂದರು, ಹಟ ಹಿಡಿದ ಮೇಲೆ ಒಂದು ವರ್ಷದ ಪರೀಕ್ಷಾವಧಿಗೆ ಒಪ್ಪಿದರು. ಅಲ್ಲಿ ಅಡ್ಡ ನಿಂತದ್ದು ಸಂಸ್ಥೆ. ಸೆಂದಾಯಿಯಲ್ಲಿ ಸಂಸ್ಥೆ ಕರೆಯಿತು, ಹುಬ್ಬುಗಂಟಿಕ್ಕಿದ್ದು ಸರಕಾರ. ನಡುವೆ 20 ವರ್ಷ.

ಶಿಕೋನಿನ್ ಈಗ ಎಲ್ಲಿ ಸಿಗುತ್ತದೆ?

ಕಾಡಿನ ಮುರಾಸಾಕಿ ಜಪಾನಿನಲ್ಲಿ ಅಳಿವಿನ ಅಂಚಿನಲ್ಲಿದೆ. ಆದರೆ 1980ರ ದಶಕದಲ್ಲಿ ಅಲ್ಲಿನ ಮಿತ್ಸುಯಿ ಪೆಟ್ರೋಕೆಮಿಕಲ್ ಕಂಪನಿ ಗಿಡವಿಲ್ಲದೆ, ಗಿಡದ ಜೀವಕೋಶಗಳನ್ನು ತೊಟ್ಟಿಯಲ್ಲಿ ಬೆಳೆಸಿ ಶಿಕೋನಿನ್ ತೆಗೆಯಿತು. ಸಸ್ಯಕೋಶದ ಕೃಷಿಯಿಂದ ಮಾರಾಟಕ್ಕೆ ಬಂದ ಮೊದಲ ಸರಕುಗಳಲ್ಲಿ ಅದೊಂದು. ಆ ನೇರಳೆ ಲಿಪ್‌ಸ್ಟಿಕ್ ಆಗಿಯೂ ಬಂತು.

ಕುರೊಡಾ ಕಂಡ ಕೆಂಪನ್ನು ಮನೆಯಲ್ಲಿ ನೋಡಬಹುದೇ?

ನೋಡಬಹುದು, ಕುಸುಬೆ ದಳ ಸಿಕ್ಕಿದರೆ. ಒಂದು ಹಿಡಿ ಒಣ ದಳವನ್ನು ತೆಳು ಬಟ್ಟೆಯಲ್ಲಿ ಕಟ್ಟಿ ತಣ್ಣೀರಿನಲ್ಲಿ ನೆನೆಹಾಕಿ. ಹಳದಿ ಹೊಳೆಯಾಗಿ ಹರಿಯುತ್ತದೆ. ಹಿಂಡಿ, ನೀರು ಚೆಲ್ಲಿ, ಮತ್ತೆ ನೆನೆಹಾಕಿ. ನೀರು ತಿಳಿಯಾಗುವವರೆಗೆ ಬಿಡಬೇಡಿ. ಐದಾರು ಸಲ ಆಗಬಹುದು, ಬೇಸರವಾಗುತ್ತದೆ. ಈಗ ದಳಕ್ಕೆ ಕೆಂಪು ಛಾಯೆ ಬಂದಿರುತ್ತದೆ. ಹೊಸ ತಣ್ಣೀರಿಗೆ ಒಂದಿಷ್ಟು ಬಟ್ಟೆ ಒಗೆಯುವ ಸೋಡಾ ಕರಗಿಸಿ (ಅಡುಗೆ ಸೋಡಾ ಸಾಲದು), ಗಂಟನ್ನು ಅದರಲ್ಲಿ ಅರ್ಧ ಗಂಟೆ ಹಿಸುಕಿ. ನೀರು ಕಂದುಗೆಂಪಾಗುತ್ತದೆ, ನೋಡಲು ಚಹಾದಂತೆ, ಏನೂ ಆಗಲಿಲ್ಲ ಅನ್ನಿಸುತ್ತದೆ. ಗಂಟು ತೆಗೆದು ಒಂದು ತುಂಡು ಬಿಳಿ ಹತ್ತಿ ಬಟ್ಟೆ ಮುಳುಗಿಸಿ, ಲಿಂಬೆರಸವನ್ನು ತೊಟ್ಟುತೊಟ್ಟಾಗಿ ಬಿಡಿ. ನೊರೆ ಏಳುತ್ತದೆ. ನೊರೆ ಇಳಿಯುವ ಹೊತ್ತಿಗೆ ನೀರು ಕೆಂಪಾಗಿ, ಬಟ್ಟೆ ನಿಧಾನವಾಗಿ ಗುಲಾಬಿ ಹೀರತೊಡಗುತ್ತದೆ. ಹಳದಿ ಹತ್ತಿಗೆ ಹತ್ತುವುದಿಲ್ಲ, ಕೆಂಪು ಮಾತ್ರ ಹತ್ತುತ್ತದೆ. ನೆರಳಿನಲ್ಲಿ ಒಣಗಿಸಿ; ಬಿಸಿಲಿಗೆ ಹಾಕಿದರೆ ವಾರದೊಳಗೆ ಬಿಳಚಿಕೊಳ್ಳುತ್ತದೆ.